ನಾಲ್ಕನೆಯ ನುಡಿ

ಆ ಬೀದಿಯಲ್ಲಿ ಅವನಿಗೆ ಎರಡು ಹೆಸರಿದ್ದವು. ಎದುರಿಗೆ ಸಿಕ್ಕಾಗ ‘ಕವಿಗಳೇ’ ಎನ್ನುತ್ತಿದ್ದರು, ಬೆನ್ನು ತಿರುಗಿದ ಮೇಲೆ ‘ಪುಕ್ಕಲ’. ಎರಡನೆಯದರಲ್ಲಿ ಸುಳ್ಳೇನೂ ಇರಲಿಲ್ಲ. ನಾಯಿ ಕಂಡರೆ ರಸ್ತೆ ದಾಟುತ್ತಿದ್ದ. ಗುಡುಗಿದರೆ ಕೈಯಲ್ಲಿದ್ದುದನ್ನು ಕೆಳಗಿಟ್ಟು ಅದು ಮುಗಿಯುವವರೆಗೆ ಕಾಯುತ್ತಿದ್ದ. ಮನೆಯಲ್ಲಿ ಬಲ್ಬು ಬದಲಿಸುತ್ತಿದ್ದವಳು ಹೆಂಡತಿ. ಅವನು ಕೆಳಗೆ ನಿಂತು ಸ್ಟೂಲು ಹಿಡಿದುಕೊಂಡು “ಹುಷಾರು ಕಣೆ, ಹುಷಾರು” ಎನ್ನುತ್ತ, ಹೆದರದೆ ಹತ್ತಿದವಳನ್ನೂ ಹೆದರಿಸಿಬಿಡುತ್ತಿದ್ದ.

ಇಂಥವನು ಇಪ್ಪತ್ತೊಂದನೆಯ ವಯಸ್ಸಿನಲ್ಲಿ, ಹಿಂದಿನ ಯುದ್ಧದ ಕಾಲದಲ್ಲಿ, ಕವಾಯತು ಮೈದಾನದ ನಡುವೆ ನಿಂತು ಬಂದೂಕು ಹಿಡಿಯುವುದಿಲ್ಲ ಎಂದಿದ್ದ. ಕೊಟ್ಟವರು ಕೈಬಿಟ್ಟರು, ಇವನು ಹಿಡಿಯಲಿಲ್ಲ, ಬಂದೂಕು ನೆಲಕ್ಕೆ ಬಿತ್ತು. “ಎತ್ತೋ” ಎಂದರು. “ಆಗಲ್ಲ ಸಾರ್” ಎಂದ. ಅವನ ಮೊಣಕಾಲುಗಳು ನಡುಗುತ್ತಿದ್ದುದು ಹಿಂದಿನ ಸಾಲಿಗೂ ಕಾಣುತ್ತಿತ್ತಂತೆ. ಎರಡು ವರ್ಷ ಸೆರೆಮನೆ. ಅಲ್ಲಿನ ತೇವ ಅವನ ಎದೆಯಲ್ಲಿ ಕೆಮ್ಮಾಗಿ ಮನೆ ಮಾಡಿತು.

ಮದುವೆಯಾದ ಹೊಸದರಲ್ಲಿ ಹೆಂಡತಿ ಕೇಳಿದ್ದಳು: “ಅಲ್ಲಾರೀ, ನಾಯಿಗೆ ಹೆದರೋರು ಅಷ್ಟು ಜನ ಸಿಪಾಯಿಗಳಿಗೆ ಹೆಂಗೆ ಹೆದರಲಿಲ್ಲ?”

“ಹೆದರಿದೆ ಕಣೆ. ಆದರೆ ಅವರು ಏನು ಮಾಡಿದರೂ ಒಂದಿನ ಮುಗಿಯುತ್ತೆ. ನಾನು ಯಾರನ್ನಾದರೂ ಕೊಂದರೆ ಅದು ಮುಗಿಯಲ್ಲ. ಅದರ ಹೆದರಿಕೆ ಇನ್ನೂ ದೊಡ್ಡದು. ದೊಡ್ಡ ಹೆದರಿಕೆ ಮುಂದೆ ಚಿಕ್ಕದು ಸೋತಿತು, ಅಷ್ಟೇ.”

ಸೆರೆಮನೆಯಲ್ಲಿ ಅವನಿಗೆ ಕಾಗದವನ್ನೂ ಪೆನ್ಸಿಲನ್ನೂ ಕೊಟ್ಟಿರಲಿಲ್ಲ. ಕವಿತೆಯನ್ನು ತಲೆಯಲ್ಲೇ ಕಟ್ಟಿ ತಲೆಯಲ್ಲೇ ಇಟ್ಟುಕೊಳ್ಳುವುದು ಅಲ್ಲಿ ಬಂದ ಅಭ್ಯಾಸ. ಹೊರಗೆ ಬಂದ ಮೇಲೂ ಅದು ಬಿಡಲಿಲ್ಲ. ಹಗಲಲ್ಲಿ ಅವನು ಕನ್ನಡಕದ ಗಾಜು ಉಜ್ಜುವ ಕಾರ್ಖಾನೆಯಲ್ಲಿ ಕೆಲಸ ಮಾಡುತ್ತಿದ್ದ. ಒರಟು ಗಾಜಿನ ಬಿಲ್ಲೆಯನ್ನು ಕಬ್ಬಿಣದ ಬಟ್ಟಲಿನಲ್ಲಿ ನೀರು, ಪುಡಿ ಹಾಕಿ ಸುತ್ತಿಸಿ ಸುತ್ತಿಸಿ ಉಜ್ಜಬೇಕು. ಮೊದಲು ಒರಟು ಪುಡಿ, ಆಮೇಲೆ ನಯವಾದದ್ದು, ಕೊನೆಗೆ ಹೊಳಪು ಬರಿಸುವ ಕೆಂಪು ಹಿಟ್ಟು. ಆ ಸುತ್ತುಗಳ ಲಯಕ್ಕೇ ಸಾಲುಗಳು ಬರುತ್ತಿದ್ದವು. ಹಾಗಾಗಿ ಅವನ ಕವಿತೆಗಳಿಗೆಲ್ಲ ಒಂದೇ ನಡಿಗೆ. ಸಂಜೆ ಹೆಂಡತಿ ಪಾತ್ರೆ ತೊಳೆಯುವಾಗ ಪಕ್ಕದಲ್ಲಿ ನಿಂತು ಒರೆಸುತ್ತ ಅಂದಿನದನ್ನು ಹೇಳುತ್ತಿದ್ದ. ಅವಳು ಕೇಳಿ, ತಿರುಗಿ ಒಪ್ಪಿಸುತ್ತಿದ್ದಳು. ಅವಳ ಬಾಯಿಗೆ ಬಂದದ್ದು ಉಳಿಯಿತು.

ಇದಕ್ಕೊಂದು ಕಟ್ಟಳೆಯಿತ್ತು. ಅವಳು ಯಾವುದಾದರೂ ಸಾಲು ಮರೆತರೆ ಅವನು ನೆನಪು ಮಾಡಿಕೊಡುತ್ತಿರಲಿಲ್ಲ. “ನೀನು ಮರೆತೆ ಅಂದರೆ ಅದು ಇರಬೇಕಾದ ಸಾಲೇ ಅಲ್ಲ” ಎಂದು ತಾನೂ ಬಿಟ್ಟುಬಿಡುತ್ತಿದ್ದ. ಮತ್ತೆಂದೂ ಅದನ್ನು ಅವನ ಬಾಯಲ್ಲಿ ಕೇಳಿದವರಿಲ್ಲ. “ಹಾಗಾದ್ರೆ ಕಸ ಗುಡಿಸೋದೂ ನಾನೇ, ಕವಿತೆ ಗುಡಿಸೋದೂ ನಾನೇ” ಎಂದು ಅವಳು ನಗುತ್ತಿದ್ದಳು. ಪ್ರಕಟಿಸಬೇಕೆಂಬ ಆಸೆ ಇಬ್ಬರಿಗೂ ಇರಲಿಲ್ಲ. ನೆರೆಹೊರೆಯವರ ಮನೆಯಲ್ಲಿ ಮಗು ಹುಟ್ಟಿದರೆ, ಯಾರಾದರೂ ತೀರಿಕೊಂಡರೆ, ಅವಳು ಹೋಗಿ ಅವನ ಕವಿತೆಯ ಎರಡು ನುಡಿ ಹೇಳಿ ಬರುತ್ತಿದ್ದಳು. ‘ಕವಿಗಳೇ’ ಎಂಬ ಹೆಸರು ಬಂದದ್ದು ಹಾಗೆ.

ಮಗಳಿಗೆ ಹತ್ತು ವರ್ಷವಾಗಿದ್ದಾಗ ಮತ್ತೆ ಯುದ್ಧ ಬಂತು.

ಮೊದಲು ಕಿಟಕಿಗಳಿಗೆ ಕಪ್ಪು ಕಾಗದ ಬಂತು. ಆಮೇಲೆ ದೀಪದ ಕಂಬಗಳಿಗೆಲ್ಲ ಒಂದು ಪ್ರಕಟಣೆ ಅಂಟಿತು: ಸೈನಿಕರ ಮನೋಬಲ ಕುಗ್ಗಿಸುವ ಮಾತನ್ನು ಆಡಿದವರಿಗೆ, ಹಾಡಿದವರಿಗೆ ಸೆರೆ. ಮೂಲೆಯ ಅಚ್ಚುಕೂಟದವನು ಅದನ್ನು ಓದಿ ಏನೋ ತಮಾಷೆ ಮಾಡಿದನಂತೆ. ಮರುದಿನ ಅಚ್ಚುಕೂಟದ ಬಾಗಿಲಿಗೆ ಹೊರಗಿನಿಂದ ಬೀಗ ಬಿದ್ದಿತ್ತು. ಆ ತಮಾಷೆ ಏನೆಂದು ಯಾರೂ ಯಾರನ್ನೂ ಕೇಳಲಿಲ್ಲ. ಅಂಗಡಿಯಲ್ಲಿ ಜನ ಸಾಮಾನಿನ ಹೆಸರಷ್ಟೇ ಹೇಳಿ ಮನೆಗೆ ಬರತೊಡಗಿದರು. ಅವಳು ಕವಿತೆ ಒಪ್ಪಿಸುವಾಗ ನಲ್ಲಿಯನ್ನು ಪೂರ್ತಿ ತಿರುಗಿಸಿಡುತ್ತಿದ್ದಳು. ಗೋಡೆಗೂ ಕಿವಿ ಇರುವ ಕಾಲ. ನೀರಿನ ಸದ್ದಾದರೂ ಅಡ್ಡ ಇರಲಿ ಎಂದು.

ಒಂದು ದಿನ ಅವನು ಮಧ್ಯಾಹ್ನವೇ ಮನೆಗೆ ಬಂದ. ಮುಖ ಬಿಳಿಚಿಕೊಂಡಿತ್ತು.

“ಏನಾಯ್ತು? ನಾಯಿನಾ?”

“ಅಲ್ಲ. ಯಜಮಾನರು ಇನ್ಮೇಲೆ ಕನ್ನಡಕದ ಕೆಲಸ ಇಲ್ಲ ಅಂದರು. ಬಂದೂಕಿನ ಮೇಲೆ ಕೂರಿಸೋ ದುರ್ಬೀನಂತೆ. ಮಾದರಿ ಕೈಗೆ ಕೊಟ್ಟು ಕಿಟಕಿಯಿಂದ ನೋಡು ಅಂದರು. ನೋಡಿದೆ.” ಅವನು ಗೋಡೆಗೆ ಒರಗಿ ಕೂತ. “ರಸ್ತೆ ಆ ತುದೀಲಿ ಅಂಚೆಯವನು ಬರ್ತಿದ್ದ. ಅಂಗಿಯ ಒಂದು ಗುಂಡಿ ಕಿತ್ತುಹೋಗಿತ್ತು ಕಣೆ, ಪಿನ್ನು ಹಾಕ್ಕೊಂಡಿದ್ದ. ಅಷ್ಟು ಸ್ಪಷ್ಟ. ಗಾಜಿನ ಮೇಲಿನ ಎರಡು ಗೆರೆ ಸರಿಯಾಗಿ ಆ ಪಿನ್ನಿನ ಮೇಲೆ ಬಂದು ನಿಂತವು.”

“ಆಮೇಲೆ?”

“ಆಮೇಲೇನು, ಅದನ್ನ ಹತ್ತಿಯ ಮೇಲೆ ಇಟ್ಟೆ. ಹಿತ್ತಲಿಗೆ ಹೋಗಿ ವಾಂತಿ ಮಾಡಿದೆ. ಬಂದು, ನನ್ನ ಕೈಲಿ ಆಗಲ್ಲ ಯಜಮಾನರೇ ಅಂದೆ.”

ಯುದ್ಧದ ಕೆಲಸವನ್ನು ನಿರಾಕರಿಸಿದವರಿಗೆ ಮೂರು ವರ್ಷ ಸೆರೆ ಎಂಬುದು ಮಕ್ಕಳಿಗೂ ಗೊತ್ತಿತ್ತು. ತಪ್ಪಿಸಿಕೊಳ್ಳಲು ಒಂದೇ ದಾರಿ. ಪುರಸಭೆಯ ಮಾಳಿಗೆಯಲ್ಲಿ ಕೂರುವ ಮಂಡಳಿಯ ಮುಂದೆ ನಿಂತು, ಇದು ನನ್ನ ಮನಸ್ಸಾಕ್ಷಿಗೆ ಒಪ್ಪದು ಎಂದು ಹೇಳಬೇಕು. ಅವರು ನಂಬಿದರೆ ಆಸ್ಪತ್ರೆಯಲ್ಲೋ ಚರಂಡಿಯಲ್ಲೋ ಬೇರೆ ಕೆಲಸ ಕೊಡುತ್ತಾರೆ. ನಂಬದಿದ್ದರೆ ಸೆರೆ. ಅವನ ಎದೆಯನ್ನು ಪರೀಕ್ಷಿಸಿದ್ದ ಡಾಕ್ಟರು ಅವಳೊಬ್ಬಳಿಗೇ ಹೇಳಿದ್ದ ಮಾತೊಂದಿತ್ತು: “ಗಾಜಿನ ಧೂಳು ಬೇರೆ ಸೇರಿದೆಯಮ್ಮ. ಇನ್ನೊಂದು ಚಳಿಗಾಲ ಆ ತೇವದಲ್ಲಿ ಕಳೆದರೆ ಈ ಎದೆ ತಡೆಯಲ್ಲ.” ಆ ಮಾತನ್ನು ಅವಳು ಗಂಡನಿಗೆ ಹೇಳಿರಲಿಲ್ಲ. ಕವಿತೆಗಳ ಜೊತೆ ಅದನ್ನೂ ತನ್ನೊಳಗೇ ಇಟ್ಟುಕೊಂಡಿದ್ದಳು.

ಮಂಡಳಿಯ ವಿಚಾರಣೆಗೆ ಮೂರು ವಾರವಿತ್ತು. ಅಷ್ಟರಲ್ಲಿ ಅವಳ ಅಣ್ಣ ಬಂದ. ಅವನು ದರ್ಜಿ. ಈಗ ಸಮವಸ್ತ್ರ ಹೊಲಿಯುತ್ತಿದ್ದ, ಜೊತೆಗೆ ಸೈನಿಕರನ್ನು ಬೀಳ್ಕೊಡುವ ಸಮಿತಿಯಲ್ಲೂ ಇದ್ದ. ಕತ್ತಿನಲ್ಲಿ ಅಳತೆಯ ಟೇಪು ನೇತಾಡಿಸಿಕೊಂಡೇ ಊರೆಲ್ಲ ಓಡಾಡುವ ಮನುಷ್ಯ. ಭಾವನ ಮೇಲೆ ಅವನಿಗೆ ಪ್ರೀತಿಯೂ ಇತ್ತು, ತಲೆಬಿಸಿಯೂ ಇತ್ತು.

“ಭಾವ, ಹಾವೂ ಸಾಯಬೇಕು ಕೋಲೂ ಮುರೀಬಾರದು, ಹಂಗೆ ಏನಾದ್ರೂ ಉಪಾಯ ಮಾಡೋಣ. ಸಮಿತಿಗೆ ಒಂದು ಹಾಡು ಬರೆದುಕೊಡಿ. ಹುಡುಗರು ಹೊರಡೋವಾಗ ಹಾಡ್ತಾರೆ. ಹಾಡು ಕೊಟ್ಟೋರನ್ನ ಯಾರು ಮುಟ್ತಾರೆ?”

“ನನಗೆ ಹಾವು ಸಾಯೋದೂ ಬೇಡ” ಎಂದ ಇವನು.

“ನಿಮಗೆ ಹಾವು ಕಂಡ್ರೆ ಓಡೋಕೂ ಬರಲ್ಲ, ಹೊಡೆಯೋಕೂ ಬರಲ್ಲ. ಕೈಮುಗಿದು ನಿಂತ್ರೆ ಅದು ಬಿಡುತ್ತಾ?”

“ಬಿಡದೆ ಇರಬಹುದು.” ಕೆಮ್ಮು ಬಂತು. ಕೆಮ್ಮು ಮುಗಿದ ಮೇಲೆ ನಕ್ಕ. “ಆದರೆ ಹಾಡು ಕೇಳಿ ಹೋದ ಹುಡುಗ ತಿರುಗಿ ಬರದಿದ್ದರೆ ಅವರಮ್ಮನಿಗೆ ನಾನೇನು ಹೇಳಲಿ?”

ಅಣ್ಣ ತಂಗಿಯನ್ನು ಬಾಗಿಲ ಹೊರಗೆ ಕರೆದ. ಮೆಟ್ಟಿಲ ಬಳಿ ದನಿ ತಗ್ಗಿಸಿ ಹೇಳಿದ: “ನೋಡು ತಂಗಿ, ಅವರು ಕೊಡಲ್ಲ. ಎಲ್ಲ ನಿನ್ನ ಬಾಯಲ್ಲೇ ಇದೆಯಲ್ಲ, ನೀನು ಕೊಡು. ಯುದ್ಧದ್ದೇ ಆಗಬೇಕು ಅಂತೇನಿಲ್ಲ. ನಡೆಯೋಕೆ ಹೊಂದೋ ಹಾಡಾದ್ರೆ ಸಾಕು.”

ಎರಡು ದಿನ ಅವಳಿಗೆ ಊಟ ಸೇರಲಿಲ್ಲ. ಮೆಟ್ಟಿಲ ಮೇಲೆ ಬೂಟಿನ ಸದ್ದಾದರೆ ಕೈಯಲ್ಲಿದ್ದ ಪಾತ್ರೆ ಜಾರುತ್ತಿತ್ತು. ಮೂರನೆಯ ದಿನ ಅಣ್ಣನ ಅಂಗಡಿಗೆ ಹೋಗಿ, ಹೊಲಿಗೆ ಯಂತ್ರದ ಸದ್ದಿನ ನಡುವೆ, ಒಂದು ಹಾಡು ಹೇಳಿದಳು. ಮಗಳು ನಡೆಯಲು ಕಲಿಯುತ್ತಿದ್ದಾಗ ಅವನು ಕಟ್ಟಿದ ಹಾಡು ಅದು. ಈ ಗೋಡೆಯಿಂದ ಆ ಗೋಡೆಗೆ ಮಗು ತೊಡರುತ್ತ ಬರುವಾಗ ಇಬ್ಬರೂ ಅದನ್ನು ಹಾಡುತ್ತಿದ್ದರು.

ಹೆಜ್ಜೆ ಇಡು ಮಗು, ಹೆಜ್ಜೆ ಇಡು,
ನೆಲವಿದೆ ಕೆಳಗೆ, ಹೆದರದಿರು;
ಬಿದ್ದರೆ ಏಳು, ಎದ್ದರೆ ನಡೆ,
ಹಿಂದಕೆ ತಿರುಗಿ ನೋಡದಿರು.

ಹೀಗೆ ಮೂರು ನುಡಿ ಹೇಳಿದಳು. ನಾಲ್ಕನೆಯದು ನಾಲಿಗೆಯ ತುದಿಗೆ ಬಂತು. ಗೋಡೆಯ ಮೇಲೆ ಕಂಬದ ಪ್ರಕಟಣೆಯದೇ ಒಂದು ಪ್ರತಿ ತೂಗುತ್ತಿತ್ತು. ಅವಳು ಬಾಯಿ ಮುಚ್ಚಿಕೊಂಡಳು.

“ಇಷ್ಟೇನಾ?” ಎಂದ ಅಣ್ಣ.

“ಇಷ್ಟೇ.”

ಅದಾದ ವಾರಕ್ಕೆ ಒಂದು ಬೆಳಿಗ್ಗೆ ರೈಲು ನಿಲ್ದಾಣದ ಕಡೆಯಿಂದ ಧ್ವನಿವರ್ಧಕ ಕೂಗಿತು. ನೂರಾರು ಗಂಡಸರ ದನಿ, ಬೂಟಿನ ತಾಳ. ‘ಹೆಜ್ಜೆ ಇಡು ವೀರ, ಹೆಜ್ಜೆ ಇಡು.’ ಸಮಿತಿಯವರು ಬದಲಿಸಿದ್ದು ಒಂದೇ ಪದ. ಮಗಳು ತಲೆ ಬಾಚಿಸಿಕೊಳ್ಳುತ್ತಿದ್ದವಳು ತಿರುಗಿದಳು.

“ಅಮ್ಮಾ, ಇದು ನನ್ನ ಹಾಡಲ್ವಾ?”

ಬಾಚಣಿಗೆ ನಿಂತಿತು. ಅವನು ಚಹಾದ ಲೋಟವನ್ನು ಮೇಜಿನ ಮೇಲಿಟ್ಟ, ಸದ್ದಾಗದ ಹಾಗೆ. ಮೂರು ನುಡಿಯೂ ಮುಗಿಯುವವರೆಗೆ ಕೇಳಿದ. ಮತ್ತೆ ಮೊದಲಿನಿಂದ ಶುರುವಾಯಿತು. ಆಗ ಹೆಂಡತಿಯ ಕಡೆ ನೋಡಿದ. ಅವನು ಕೋಪಿಸಿಕೊಂಡಿದ್ದರೆ ಅವಳು ತಡೆದುಕೊಳ್ಳುತ್ತಿದ್ದಳು. ಆದರೆ ಅವನ ಮುಖದಲ್ಲಿ ಕೋಪ ಇರಲಿಲ್ಲ.

“ನಾಲ್ಕನೆಯದು ಮರೆತೆಯಾ?” ಎಂದು ಕೇಳಿದ.

ಇಲ್ಲ ಎಂದರೆ, ಬೇಕೆಂದೇ ಮುಚ್ಚಿಟ್ಟೆ ಎಂದಾಗುತ್ತದೆ. ಅಷ್ಟೇ ಅಲ್ಲ, ಅವನು ಈಗಲೇ ನಿಲ್ದಾಣಕ್ಕೆ ಹೋಗಿ, ನಡುಗುವ ಕಾಲಲ್ಲೇ ನಿಂತು, ಆ ನುಡಿಯನ್ನು ಹೇಳಿಬಿಡುತ್ತಾನೆ. ಅದು ಅವಳಿಗೆ ಹಗಲಿನಷ್ಟು ನಿಚ್ಚಳವಾಗಿ ಗೊತ್ತಿತ್ತು.

“ಹೂಂ, ಮರೆತೆ” ಎಂದಳು.

ಅವನು ಲೋಟವನ್ನು ಮತ್ತೆ ಕೈಗೆತ್ತಿಕೊಂಡ. “ಹಾಗಾದರೆ ಸರಿ” ಎಂದ. ಅವರ ಕಟ್ಟಳೆಯ ಪ್ರಕಾರ ನಾಲ್ಕನೆಯ ನುಡಿ ಆ ಕ್ಷಣಕ್ಕೆ ಸತ್ತುಹೋಯಿತು. ಆ ಸಂಜೆ ಅವನು ಪಾತ್ರೆ ಒರೆಸಿದ, ಕವಿತೆ ಹೇಳಲಿಲ್ಲ. ಮರುದಿನವೂ ಹೇಳಲಿಲ್ಲ. ಅವಳು ನಲ್ಲಿಯನ್ನು ಪೂರ್ತಿ ತಿರುಗಿಸುವುದನ್ನು ನಿಲ್ಲಿಸಿದಳು. ಮುಚ್ಚುವುದಕ್ಕೆ ಏನೂ ಇರಲಿಲ್ಲ.

ವಿಚಾರಣೆಯ ದಿನ ಅಣ್ಣ ತಾನೇ ಹೊಲಿದ ಅಂಗಿಯೊಂದನ್ನು ಭಾವನಿಗೆ ತಂದಿದ್ದ. “ಕಾಲರ್ ನೆಟ್ಟಗಿದ್ರೆ ಮಾತೂ ನೆಟ್ಟಗೆ ಬರುತ್ತೆ” ಎಂದ. ಯಾರೂ ನಗಲಿಲ್ಲ. ಪುರಸಭೆಯ ಮೆಟ್ಟಿಲ ಬುಡದಲ್ಲಿ ನಾಯಿಯೊಂದು ಮಲಗಿತ್ತು. ಅವನು ಹೆಂಡತಿಯ ಇನ್ನೊಂದು ಬದಿಗೆ ಬಂದು, ಅವಳ ಮರೆಯಲ್ಲಿ ಅದನ್ನು ದಾಟಿದ.

ಮಾಳಿಗೆಯ ಕೋಣೆಯಲ್ಲಿ ಕಿಟಕಿಯ ಕೆಳಗಿನ ಗಾಜಿಗೆಲ್ಲ ಕಪ್ಪು ಕಾಗದ. ಮೇಲಿನ ಸಾಲಿನಿಂದ ಬಂದ ಬೆಳಕು ಮೇಜಿನ ಹಿಂದಿನ ಮೂವರ ತಲೆಯ ಮೇಲಷ್ಟೇ ಬೀಳುತ್ತಿತ್ತು. ನಡುವೆ ಅಧ್ಯಕ್ಷ, ನಿವೃತ್ತ ನ್ಯಾಯಾಧೀಶ. ಅವನ ಬಲಕ್ಕೆ ಒಬ್ಬ ಸೇನಾಧಿಕಾರಿ, ಎಡಕ್ಕೆ ಒಬ್ಬ ವೈದ್ಯ. ಅವಳೂ ಅಣ್ಣನೂ ಹಿಂದಿನ ಬೆಂಚಿನಲ್ಲಿ ಕೂತರು.

“ಕನ್ನಡಕದ ಗಾಜು ಉಜ್ಜುತ್ತೀರಿ, ದುರ್ಬೀನಿನ ಗಾಜು ಉಜ್ಜಲ್ಲ. ಎರಡೂ ಗಾಜೇ ಅಲ್ಲವೇ?” ಎಂದ ಅಧ್ಯಕ್ಷ.

“ಗಾಜೇ ಸಾರ್. ಕನ್ನಡಕದಿಂದ ಎದುರಿನವರ ಮುಖ ಕಾಣಲಿ ಅಂತ ಉಜ್ಜುತೀವಿ. ಇದರಿಂದಲೂ ಮುಖ ಕಾಣುತ್ತೆ. ಆಮೇಲೆ ಆ ಮುಖ ಇರಲ್ಲ.”

ವೈದ್ಯ ತಲೆಯೆತ್ತಿ ನೋಡಿದ. ಅವಳಿಗೆ ಸಣ್ಣದೊಂದು ಆಸೆ ಹುಟ್ಟಿತು. ಹಿಂದಿನ ಸೆರೆವಾಸದ ವಿಷಯ ಬಂತು. ಅದೂ ಅವನ ಪರವಾಗಿಯೇ ಇರುವಂತೆ ಕಂಡಿತು. ಆಗ ಅಧಿಕಾರಿ ತನ್ನ ಮುಂದಿದ್ದ ಸಮಿತಿಯ ಹಾಡಿನ ಹಾಳೆಯನ್ನು ಮೇಲೆತ್ತಿದ.

“ಈ ಹಾಡು ಯಾರದು?”

“ನನ್ನದು ಸಾರ್.”

“ದಿನಾ ಬೆಳಿಗ್ಗೆ ನನ್ನ ಹುಡುಗರು ಇದನ್ನ ಹಾಡ್ಕೊಂಡು ರೈಲು ಹತ್ತುತಾರೆ. ಹಿಂದಕ್ಕೆ ತಿರುಗಿ ನೋಡಬೇಡ ಅಂತೀರಿ, ಅವರು ನೋಡಲ್ಲ. ಹೋಗ್ತಾರೆ. ಅವರು ನಿಮ್ಮ ಹಾಡಿಗೆ ಸಾಯಬಹುದು, ನೀವು ಮಾತ್ರ ಬಟ್ಟಲಲ್ಲಿ ಗಾಜು ಉಜ್ಜಲ್ಲ. ಇದು ಮನಸ್ಸಾಕ್ಷಿಯೋ, ಪುಕ್ಕಲುತನವೋ?”

ಬೆಂಚಿನಲ್ಲಿ ಅಣ್ಣ ಅಳತೆಯ ಟೇಪನ್ನು ಬೆರಳಿಗೆ ಬಿಗಿಯಾಗಿ ಸುತ್ತಿಕೊಂಡ. ಭಾವನನ್ನು ಉಳಿಸಲು ತಾನು ಕೊಡಿಸಿದ ಹಾಡು, ಅಳತೆ ತಪ್ಪಿದ ಅಂಗಿಯ ಹಾಗೆ, ಈಗ ಅವನ ಕತ್ತನ್ನೇ ಬಿಗಿಯುತ್ತಿದೆ ಎಂದು ಅವನಿಗೂ ಅರ್ಥವಾಗಿತ್ತು.

“ಅದು ನನ್ನ ಮಗಳು ನಡೆಯೋಕೆ ಕಲಿಯುವಾಗ ಕಟ್ಟಿದ್ದು ಸಾರ್.”

“ಹಾಗಂತ ಎಲ್ಲಿ ಬರೆದಿದೆ?”

“ಎಲ್ಲೂ ಬರೆದಿಲ್ಲ. ನಾನು ಬರೆಯಲ್ಲ.”

ಅಧಿಕಾರಿ ನಕ್ಕ. ಅಧ್ಯಕ್ಷ ನಗಲಿಲ್ಲ. “ಹಾಡು ಇಷ್ಟೇನಾ?” ಎಂದು ಕೇಳಿದ.

“ಇನ್ನೊಂದು ನುಡಿ ಇತ್ತು.”

“ಹೇಳಿ.”

ಅವನು ಹಿಂದಿನ ಬೆಂಚಿನ ಕಡೆ ಒಮ್ಮೆ ನೋಡಿದ. ಅದು ಬೇಡಿಕೆಯ ನೋಟವಲ್ಲ, ದೂರಿನದೂ ಅಲ್ಲ. “ಈಗ ಇಲ್ಲ ಸಾರ್” ಎಂದ.

“ಇಲ್ಲ ಅಂದರೆ?”

“ಇಟ್ಟುಕೊಂಡಿದ್ದವರು ಮರೆತರು. ಮರೆತದ್ದನ್ನ ನಾನು ಮತ್ತೆ ಹೇಳಲ್ಲ. ಅದು ನಮ್ಮನೆಯ ಪದ್ಧತಿ.”

ಅಧ್ಯಕ್ಷ ಕಾಗದದ ಕಡೆ ಕೈ ಚಾಚಿದ. ಇನ್ನೇನು ಬರೆಯುತ್ತಾನೆ. ಅವಳಿಗೆ ಆ ಲೇಖನಿಯ ಮೊನೆಯ ಹೊರತು ಬೇರೇನೂ ಕಾಣಲಿಲ್ಲ. ತೇವದ ಗೋಡೆ, ಚಳಿಗಾಲ, ಡಾಕ್ಟರ ಮಾತು, ಕಂಬದ ಮೇಲಿನ ಪ್ರಕಟಣೆ, ಬೀಗ ಬಿದ್ದ ಅಚ್ಚುಕೂಟ, ಎಲ್ಲ ಒಟ್ಟಿಗೆ ಬಂದವು. ಹೇಳದಿದ್ದರೆ ಅವನು ಹೋಗುತ್ತಾನೆ. ಹೇಳಿದರೆ ಏನಾಗುತ್ತದೋ ಗೊತ್ತಿಲ್ಲ. ಎದ್ದು ನಿಂತಳು. ಅಣ್ಣ ಮೊಣಕೈ ಹಿಡಿದು ಎಳೆದ. “ಸುಮ್ನೆ ಕೂತ್ಕೊಳ್ಳೇ, ಕೈಮುಗೀತೀನಿ.”

“ನಾನು ಮರೆತಿಲ್ಲ” ಎಂದಳು. ಅವಳ ದನಿ ಅವಳಿಗೇ ಗುರುತು ಸಿಗಲಿಲ್ಲ. “ಸಮಿತಿಗೆ ಹಾಡು ಕೊಟ್ಟೋಳು ನಾನು. ಇವರಿಗೆ ಗೊತ್ತಿರಲಿಲ್ಲ. ಕೊನೇದು ನಾನೇ ಬಚ್ಚಿಟ್ಟೆ. ಮರೆತೆ ಅಂತ ಇವರಿಗೂ ಸುಳ್ಳು ಹೇಳಿದೆ.”

“ತಾಯಿ, ಯೋಚನೆ ಮಾಡಿ ಮಾತಾಡಿ” ಎಂದ ವೈದ್ಯ ಮೆಲ್ಲಗೆ. ಕಂಬದ ಪ್ರಕಟಣೆ ಅವನಿಗೂ ಗೊತ್ತಿತ್ತು.

ಅವಳು ಯೋಚನೆ ಮಾಡಲಿಲ್ಲ. ಮಾಡಿದ್ದರೆ ಕೂತುಬಿಡುತ್ತಿದ್ದಳು. ಪಾತ್ರೆ ತೊಳೆಯುವಾಗ ಒಪ್ಪಿಸುತ್ತಿದ್ದ ಹಾಗೆ, ಏರಿಳಿತವಿಲ್ಲದೆ, ಎರಡು ಕೈಯನ್ನೂ ಮುಂದೆ ಹಿಡಿದುಕೊಂಡು ಹೇಳಿದಳು:

ಬೇಲಿಯ ಆಚೆಗು ನಿನ್ನದೆ ಎತ್ತರ
ಮಗುವೊಂದಿದೆ, ನೀ ನೋಡಿ ಇಡು;
ಕೈಯಲಿ ಕಲ್ಲಿದ್ದರೆ ಕೆಳಗಿಳಿಸಿ
ಆ ಕೈ ಹಿಡಿದೇ ಹೆಜ್ಜೆ ಇಡು.

ದೂರದಲ್ಲಿ ನಿಲ್ದಾಣದ ಧ್ವನಿವರ್ಧಕ ಗರಗರ ಎಂದು ನಿಂತಿತು. ಅವಳು ಗಂಡನನ್ನು ನೋಡಿದಳು. ಅವನ ತುಟಿಗಳು ಅಲುಗುತ್ತಿದ್ದವು. ಸತ್ತುಹೋದ ಸಾಲುಗಳನ್ನು ಅವನು ಅವಳ ಹಿಂದೆ ಹಿಂದೆಯೇ ಒಪ್ಪಿಸುತ್ತಿದ್ದ.

ಅಧಿಕಾರಿಯೇ ಮೊದಲು ಮಾತಾಡಿದವನು. “ಇದನ್ನ ನನ್ನ ಹುಡುಗರು ಕೇಳಿದ್ದರೆ?”

“ಇಷ್ಟು ದಿನ ನಾವು ಮನೆಯವರು ಮಾತ್ರ ಕೇಳಿದ್ವಿ” ಎಂದಳು. “ಈಗ ನೀವೂ ಕೇಳಿದ್ರಿ.”

ತೀರ್ಪು ಬರಲು ಹೆಚ್ಚು ಹೊತ್ತಾಗಲಿಲ್ಲ. ಇವನ ಮನಸ್ಸಾಕ್ಷಿ ನಿಜವೆಂದು ಮಂಡಳಿಗೆ ಮನವರಿಕೆಯಾಗಿದೆ, ಯುದ್ಧ ಮುಗಿಯುವವರೆಗೆ ಆಸ್ಪತ್ರೆಯಲ್ಲಿ ಬಟ್ಟೆ ಒಗೆಯುವ ಕೆಲಸ ಮಾಡಲಿ. ಅಧ್ಯಕ್ಷ ಅಲ್ಲಿಗೆ ನಿಲ್ಲಿಸಿ, ಕನ್ನಡಕ ತೆಗೆದು ಒರೆಸಿಕೊಂಡ. ಆ ನುಡಿ ಕಾನೂನಿಗೆ ವಿರುದ್ಧ. ಬರೆದದ್ದು ಎಲ್ಲೂ ಇಲ್ಲ ಎಂದ ಮೇಲೆ, ಆಡಿದವರೇ ಜವಾಬ್ದಾರರು. ಆಕೆಗೆ ಮೂರು ತಿಂಗಳು ಸೆರೆ.

“ಸಾರ್, ಕಟ್ಟಿದ್ದು ನಾನು!” ಎಂದು ಅವನು ಮೇಜಿನ ತನಕ ನುಗ್ಗಿದ. ಜೀವನದಲ್ಲಿ ಅವನು ಎಲ್ಲಿಗಾದರೂ ನುಗ್ಗಿದ್ದು ಅದೊಂದೇ ಸಲ.

“ಕಟ್ಟಿದ್ದನ್ನ ಈ ಕೋಣೆಯಲ್ಲಿ ನೀವು ಆಡಲಿಲ್ಲವಲ್ಲ” ಎಂದ ಅಧ್ಯಕ್ಷ. ಅವನ ಮುಖದಲ್ಲಿ ಸಂತೋಷವಿರಲಿಲ್ಲ.

ಸೆರೆಮನೆಯ ಬಾಗಿಲು ಹಾಕಿದ ಸದ್ದು ಮೊದಲ ವಾರವೆಲ್ಲ ಅವಳ ಕಿವಿಯಿಂದ ಹೋಗಲಿಲ್ಲ. ಗಂಡ ಹೇಳಿದ್ದ ಆ ತೇವ ಇದೇ ಎಂದು ಗೋಡೆಗೆ ಕೈಯಿಟ್ಟು ನೋಡಿದಳು. ಕೋಣೆಯಲ್ಲಿ ಇನ್ನೂ ಏಳು ಹೆಂಗಸರಿದ್ದರು. ಹೆದರಿಕೆ ತಡೆಯಲಾರದೆ ಅವಳು ಒಳಗೊಳಗೇ ಕವಿತೆ ಒಪ್ಪಿಸಿಕೊಳ್ಳುತ್ತಿದ್ದಳು. ಪಕ್ಕದಲ್ಲಿ ಮಲಗುತ್ತಿದ್ದ ಅಗಸಗಿತ್ತಿ, “ಏನಕ್ಕಾ ಅದು ಗೊಣಗಾಟ? ಬೈಯೋದಾದ್ರೆ ಜೋರಾಗಿ ಬೈಯಿ, ನಾವೂ ಸೇರ್ಕೋತೀವಿ” ಎಂದಳು. ಹಾಗೆ ಒಬ್ಬೊಬ್ಬರಾಗಿ ಕೇಳತೊಡಗಿದರು, ಕೇಳಿದ್ದನ್ನು ತಿರುಗಿ ಒಪ್ಪಿಸತೊಡಗಿದರು.

ಭೇಟಿಗೆ ಅವಕಾಶ ಸಿಕ್ಕ ದಿನ ಅವನು ಬಂದ. ಜಾಲರಿಯ ಆಚೆ ನಿಂತವನ ಕೈಗಳು ಸೋಡಾದ ನೀರಿಗೆ ಸುಲಿದಿದ್ದವು. ಗಾಯದ ಪಟ್ಟಿ ಒಗೆದು ಒಗೆದು ಆದದ್ದು. ಎರಡೂ ಕಡೆಯ ಸೈನಿಕರದೂ ಒಂದೇ ತೊಟ್ಟಿಗೆ ಬರುತ್ತವೆ, ಒಗೆಯುವಾಗ ಯಾರದು ಯಾವುದೆಂದು ತಿಳಿಯುವುದಿಲ್ಲ ಎಂದ. ಕೆಮ್ಮು ಹಾಗೇ ಇತ್ತು, ಹೆಚ್ಚಾಗಿರಲಿಲ್ಲ.

“ಗೇಟಲ್ಲಿ ದೊಡ್ಡ ನಾಯಿ ಕಟ್ಟಿದಾರೆ ಕಣೆ.”

“ಮತ್ತೆ ಹೆಂಗೆ ಬಂದ್ರಿ?”

“ಪೊಲೀಸಪ್ಪನ ಕೈ ಹಿಡ್ಕೊಂಡು ಬಂದೆ.”

ಅವಳಿಗೆ ನಗು ಬಂತು, ಅದರ ಹಿಂದೆಯೇ ಅಳು. “ನನಗೆ ತುಂಬಾ ಹೆದರಿಕೆ ಆಗುತ್ತೆ ರೀ” ಎಂದಳು.

“ಗೊತ್ತು. ನನಗೂ ಆಗ್ತಿತ್ತು. ಹೆದರಿಕೆ ಹೋಗಲ್ಲ, ಅದನ್ನ ಬದಿಗಿಟ್ಟುಕೊಂಡೇ ಇರಬೇಕು.” ಜಾಲರಿಗೆ ಮುಖ ಹತ್ತಿರ ತಂದ. “ಒಂದು ಹೊಸದು ಕಟ್ಟಿದೀನಿ. ಹೇಳಲಾ?”

ನಿಲ್ದಾಣದ ಕಡೆಯಿಂದ ತನ್ನ ಹಾಡು ಕೇಳಿಬಂದ ದಿನದಿಂದ ಅವನು ಅವಳಿಗೆ ಏನನ್ನೂ ಹೇಳಿರಲಿಲ್ಲ. ಅವಳು ಕಿವಿಯನ್ನು ಜಾಲರಿಗೆ ಒತ್ತಿದಳು.

ಯುದ್ಧ ಮುಗಿಯಿತು. ಗೆದ್ದವರ ಸ್ಮಾರಕಕ್ಕೆ ಸಾಲು ಬೇಕೆಂದು ಸಮಿತಿಯವರು ಮತ್ತೆ ಬಂದಾಗ ಅವನು ಬಾಗಿಲ ಹಿಂದೆ ಅಡಗಿ ನಿಂತು, ಹೆಂಡತಿಯ ಬಾಯಲ್ಲಿ ಇಲ್ಲವೆನ್ನಿಸಿದ. ಮುಂದೆ ಕೆಲವು ವರ್ಷಕ್ಕೆ ಶಾಂತಿಕಾಲದಲ್ಲೇ ಎಲ್ಲರೂ ಕವಾಯತಿಗೆ ಹೆಸರು ಕೊಡಬೇಕೆಂಬ ಆಜ್ಞೆ ಬಂದಾಗಲೂ, ಕೋಲೂರಿಕೊಂಡು ಹೋಗಿ “ಆಗಲ್ಲ ಸಾರ್” ಎಂದು ಬಂದ. ಪ್ರತಿ ಸಲವೂ ಬೆವರಿದ, ಪ್ರತಿ ಸಲವೂ ಹೋದ. ಬೀದಿಯವರು ಅವನನ್ನು ಪುಕ್ಕಲ ಎನ್ನುವುದನ್ನು ಬಿಡಲಿಲ್ಲ.

ಆ ಹಾಡು ಮಾತ್ರ ಊರಲ್ಲೇ ಉಳಿಯಿತು. ಶಾಲೆಯ ಮಕ್ಕಳು ‘ವೀರ’ ಎಂದೇ ಹಾಡುತ್ತ ಸಾಲಾಗಿ ಹೋಗುತ್ತಿದ್ದರು. ಕೇಳಿದಾಗಲೆಲ್ಲ ಅವಳ ಕೈ ಕೆಲಸ ನಿಲ್ಲಿಸುತ್ತಿತ್ತು. ಮೂರನೆಯ ನುಡಿ ಮುಗಿದು ಹಾಡು ಮತ್ತೆ ಮೊದಲಿಗೆ ತಿರುಗುವವರೆಗೆ ಉಸಿರು ಹಿಡಿದು ಕಾಯುತ್ತಿದ್ದಳು. ಪ್ರಕಟಣೆ ಇನ್ನೂ ಕಂಬದ ಮೇಲಿತ್ತು. ಮಾಸಿತ್ತು, ಅಷ್ಟೇ.

ಒಂದು ಮಧ್ಯಾಹ್ನ ಎದುರಿನ ತಾರಸಿಯ ಮೇಲೆ ಯಾರೋ ಅಪರಿಚಿತ ಹೆಂಗಸು ಬಟ್ಟೆ ಒಣಹಾಕುತ್ತ ಅದನ್ನು ಹಾಡುತ್ತಿದ್ದಳು. ‘ವೀರ’ ಎನ್ನಲಿಲ್ಲ, ‘ಮಗು’ ಎಂದಳು. ಮೂರು ನುಡಿ ಮುಗಿಯಿತು. ಬಟ್ಟೆ ಕೊಡವಿದ ಸದ್ದು. ಆಮೇಲೆ, ಬೇಲಿಯ ಆಚೆಗು ನಿನ್ನದೆ ಎತ್ತರ.

ಅವಳು ಓಡಿಹೋಗಿ ಕಿಟಕಿ ಮುಚ್ಚಿದಳು. ಅದಕ್ಕೆ ಬೆನ್ನು ಒತ್ತಿ ನಿಂತಳು. ಮಂಚದ ಮೇಲಿದ್ದ ಅವನು ಎದ್ದು, ಗೋಡೆ ಹಿಡಿದುಕೊಂಡು ಹತ್ತಿರ ಬಂದ. ಅವಳನ್ನು ಭುಜ ಹಿಡಿದು ಮೆಲ್ಲಗೆ ಪಕ್ಕಕ್ಕೆ ಸರಿಸಿದ. ಅಗಳಿ ತೆಗೆದು ಕಿಟಕಿಯನ್ನು ಒಂದು ಗೇಣಿನಷ್ಟು ತೆರೆದ.

“ಯಾರಾದ್ರೂ ಕೇಳಿದ್ರೆ?” ಎಂದಳು.

“ಹುಷಾರು ಕಣೆ” ಎಂದ ಅವನು. ಕಿಟಕಿಯನ್ನು ಮಾತ್ರ ಮುಚ್ಚಲಿಲ್ಲ.